ಹಿತ್ತಲ ಗಿಡ: ಎರಿ ಮಣ್ಣು, ಕೆಂಪು ಮಣ್ಣು, ಬೋರಿನ ನೀರು

ಈ ಸಲದ ಅಂಚೆಯಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪತ್ರಗಳೇ ಜಾಸ್ತಿ. ಬಿಸಿಲಿಗೆ ಹೆದರಿ ಬರೆದವರು ಹಲವರು. ಆದರೆ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಬಿಸಿಲಿಗೆ ಸತ್ತ ಗಿಡಗಳು ಕಡಿಮೆ; ಬುಡದಲ್ಲಿ ನೀರು ನಿಂತು ಕೊಳೆತವು, ಸುಣ್ಣ ಹೆಚ್ಚಾಗಿ ಸೊರಗಿದವು ಹೆಚ್ಚು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಔಷಧಿಗಿಂತ ಮಣ್ಣು, ನೀರಿನ ಮಾತೇ ಮುಂದಾಗಿದೆ.

ಎರಡು ವರ್ಷ ಬೆನ್ನು ಬೆನ್ನಿಗೆ ಕಸಿ ಮಾವು ನೆಟ್ಟೆವು. 3 ಅಡಿ ಆಳ ಗುಂಡಿ ತೆಗೆದು, ಹೊರಗಿನಿಂದ ಕೆಂಪು ಮಣ್ಣು ತರಿಸಿ, ತಿಪ್ಪೆಗೊಬ್ಬರ ಬೆರೆಸಿ ತುಂಬಿದ್ದೆವು. ಜೂನ್‌ನಲ್ಲಿ ನೆಟ್ಟ ಸಸಿ ಎರಡೂ ಸಲ ಸೆಪ್ಟೆಂಬರ್ ಹೊತ್ತಿಗೆ ಬಾಡಿ ಒಣಗಿತು. ನೀರಿಗೇನೂ ಕೊರತೆ ಮಾಡಿಲ್ಲ. ನಮ್ಮದು 30×40 ಜಾಗ, ಎರಿ (ಕಪ್ಪು) ಮಣ್ಣು. ಏನು ತಪ್ಪಿದೆ?
— ಸೇಡಂ ರಸ್ತೆ, ಕಲಬುರಗಿ

ನೀರಿಗೆ ಕೊರತೆ ಮಾಡದ್ದೇ ತಪ್ಪಾಗಿದೆ. ಎರಿ ಮಣ್ಣಿನಲ್ಲಿ ಗುಂಡಿ ತೆಗೆದು ಅದಕ್ಕೆ ಸಡಿಲ ಕೆಂಪು ಮಣ್ಣು ತುಂಬಿದರೆ, ತೂತಿಲ್ಲದ ಕೊಡದಲ್ಲಿ ಗಿಡ ನೆಟ್ಟ ಹಾಗೆ. ಮಳೆ ನೀರು ಸುತ್ತಲಿನ ಎರಿಯಲ್ಲಿ ಬೇಗ ಇಳಿಯುವುದಿಲ್ಲ, ಸಡಿಲ ಮಣ್ಣಿರುವ ನಿಮ್ಮ ಗುಂಡಿಗೇ ಬಂದು ಸೇರುತ್ತದೆ. ಎರಿ ನೆನೆದು ಉಬ್ಬಿದ ಮೇಲೆ ಗುಂಡಿಯ ಗೋಡೆ ಮುಚ್ಚಿಕೊಳ್ಳುತ್ತದೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ ಮನೆಯವರು ಇನ್ನೊಂದು ಕೊಡ ನೀರು ಹಾಕುತ್ತಾರೆ. ಸತ್ತ ಸಸಿಯನ್ನು ಕಿತ್ತಾಗ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ. ಕಪ್ಪು ಸಿಪ್ಪೆ ಜಾರಿ ಬೆರಳಿಗೆ ಬಂದು, ಒಳಗಿನ ನಾರು ದಾರದ ಹಾಗೆ ಉಳಿದರೆ, ಮೂಗಿನ ಹತ್ತಿರ ಹಿಡಿದಾಗ ಚರಂಡಿಯ ವಾಸನೆ ಬಂದರೆ, ಅದು ನೀರಿನಿಂದ ಸತ್ತದ್ದು. ಒಣಗಿ ಸತ್ತ ಸಸಿಯ ಬೇರು ಕಂದಾಗಿ ಪಟ್ಟನೆ ಮುರಿಯುತ್ತದೆ.

ಮೂರನೆಯ ಸಸಿ ತರುವ ಮೊದಲು ಒಂದು ಪರೀಕ್ಷೆ ಮಾಡಿ. 1 ಅಡಿ ಅಗಲ, 2 ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಎರಡನೆಯ ಸಲ ತುಂಬಿ. ಮರುದಿನ ಅದೇ ಹೊತ್ತಿಗೆ ನೀರು ಇನ್ನೂ ನಿಂತಿದ್ದರೆ ಅಲ್ಲಿ ಗುಂಡಿಯಲ್ಲಿ ನೆಡುವ ಮಾತೇ ಬೇಡ, ದಿಬ್ಬ ಹಾಕಿ ನೆಡಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಮಣ್ಣಲ್ಲಿ ಈ ಪರೀಕ್ಷೆ ಮಾಡಬೇಡಿ. ನೀರು ಬಿರುಕಿಗೆ ಇಳಿದುಹೋಗಿ ಮಣ್ಣು ಚೆನ್ನಾಗಿ ಬಸಿಯುತ್ತದೆ ಎಂದು ಮೋಸ ಮಾಡುತ್ತದೆ.

ದಿಬ್ಬ ಹೀಗೆ: 5ರಿಂದ 6 ಅಡಿ ಅಗಲದ ಜಾಗದ ಮಣ್ಣನ್ನು ಸಲಿಕೆ ಆಳಕ್ಕೆ ಅಗೆದು ಸಡಿಲ ಮಾಡಿ. ಅದೇ ಎರಿ ಮಣ್ಣು 2 ಬುಟ್ಟಿ, ಮುರುಮು (ಗರಸು ಮಣ್ಣು) 1 ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 1 ಬುಟ್ಟಿ, ಈ ಲೆಕ್ಕದಲ್ಲಿ ಬೆರೆಸಿ ಒಂದೂವರೆ–ಎರಡು ಅಡಿ ಎತ್ತರ ಏರಿಸಿ. ಒಂದು ಮಳೆಗೆ ಅದು ಕಾಲು ಭಾಗ ಕುಸಿಯುತ್ತದೆ, ಆಮೇಲೆ ನೆಡಿ. ಎರಿ ಸಡಿಲಾಗಲೆಂದು ಉಸುಕು ಬೆರೆಸುವವರಿದ್ದಾರೆ. ಒಂದೆರಡು ಬುಟ್ಟಿ ಉಸುಕಿನಿಂದ ಎರಿ ಸಡಿಲಾಗುವುದಿಲ್ಲ, ಒಣಗಿದಾಗ ಇಟ್ಟಂಗಿ ಆಗುತ್ತದೆ. ಆ ದುಡ್ಡಿಗೆ ಗೊಬ್ಬರ ತರಿಸಿ.

ಸಸಿಯ ಪ್ಲಾಸ್ಟಿಕ್ ಚೀಲ ಪೂರ್ತಿ ತೆಗೆಯಿರಿ. ಬೇರಿನ ಸುತ್ತ ಜಿಗುಟು ಕೆಂಪು ಮಣ್ಣಿನ ಗಟ್ಟಿ ಉಂಡೆ ಇದ್ದರೆ ಬಕೆಟ್ ನೀರಲ್ಲಿ ಹತ್ತು ನಿಮಿಷ ಅದ್ದಿ, ಹೊರಗಿನ ಅರ್ಧ ಇಂಚು ಕರಗಿಸಿ ನೆಡಿ. ಇಲ್ಲದಿದ್ದರೆ ಬೇರು ಆ ಉಂಡೆಯೊಳಗೇ ಸುತ್ತುತ್ತದೆ. ಕಸಿಯ ಗಂಟು ಮಣ್ಣಿನಿಂದ ಗೇಣು ಮೇಲಿರಲಿ, ಕಸಿಗೆ ಸುತ್ತಿದ ಟೇಪು ಬಿಚ್ಚಿ. ಗಂಟಿನ ಕೆಳಗೆ ಚಿಗುರಿದ್ದನ್ನೆಲ್ಲ ಚಿವುಟಬೇಕು, ಅದು ಕಾಡು ಮಾವು. ನೆಡಲು ಜೂನ್‌ನ ಮಿರಗದ (ಮೃಗಶಿರಾ) ಮಳೆ ಶುರುವಾದ ವಾರ ಒಳ್ಳೆಯದು. ಅದು ತಪ್ಪಿದರೆ ಅಕ್ಟೋಬರ್‌ವರೆಗೆ ಕಾಯಿರಿ, ಸೆಪ್ಟೆಂಬರ್ ಮಳೆ ನಿಮ್ಮಲ್ಲಿ ಸಣ್ಣದಲ್ಲ.

ದಿಬ್ಬ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಎರಿ ಬಿರಿದಾಗ ಸಣ್ಣ ಬೇರುಗಳು ಹರಿದುಹೋಗುತ್ತವೆ. ಅದಕ್ಕೆ ಹೊದಿಕೆ ಕಡ್ಡಾಯ. ನಿಮ್ಮಲ್ಲಿ ತೊಗರಿ ಕಟ್ಟಿಗೆಗೇನು ಬರ? ಗೇಣುದ್ದ ಕಡಿದು 4 ಇಂಚು ದಪ್ಪ ಹಾಸಿ, ಬುಡದ ಸುತ್ತ ಒಂದು ಗೇಣು ಬರಿದಾಗಿ ಬಿಡಿ. ಒಣ ಕಟ್ಟಿಗೆಗೆ ಗೆದ್ದಲು ಬರುತ್ತದೆ, ತಿಂಗಳಿಗೊಮ್ಮೆ ಎತ್ತಿ ನೋಡಿ. ಮೊದಲ ಬೇಸಿಗೆಯಲ್ಲಿ 5–6 ದಿನಕ್ಕೊಮ್ಮೆ 20 ಲೀಟರ್ ಸಾಕು, ಅದೂ ಬುಡಕ್ಕಲ್ಲ, ಒಂದೂವರೆ ಅಡಿ ದೂರದ ಉಂಗುರಕ್ಕೆ. ಹಾಕುವ ಮೊದಲು ಗೇಣು ಆಳದ ಮಣ್ಣು ತೆಗೆದು ಹಿಸುಕಿ ನೋಡಿ. ಉಂಡೆ ಕಟ್ಟಿ ಬೆರಳಿಗೆ ಅಂಟಿದರೆ ಆ ದಿನ ನೀರು ಬೇಡ.

30×40 ಜಾಗಕ್ಕೆ ಆಮ್ರಪಾಲಿ ಒಳ್ಳೆಯದು. ದಶೇರಿ ಮತ್ತು ನೀಲಂ ಸೇರಿಸಿ ಮಾಡಿದ ತಳಿ, ಗಿಡ ಗಿಡ್ಡ, ವರ್ಷ ಬಿಟ್ಟು ವರ್ಷ ಕಾಯಿ ಬಿಡುವ ರೋಗ ಇಲ್ಲ. ಹಣ್ಣು ಸಣ್ಣದಾದರೂ ರುಚಿಗೆ ಮೋಸವಿಲ್ಲ. ಕೇಸರ್ ಬೇಕೇಬೇಕೆಂದರೆ ಕಾಯಿ ಕೊಯ್ದ ಕೂಡಲೇ ಪ್ರತಿ ವರ್ಷ ಕತ್ತರಿ ಹಾಕುವ ಮನಸ್ಸಿರಬೇಕು.

ನಿಂಬಿ ಗಿಡದ ಹೊಸ ಎಲೆ ಹಳದಿಯಾಗುತ್ತವೆ, ನರ ಮಾತ್ರ ಹಸಿರು. ಯೂರಿಯಾ ಹಾಕಿದೆವು, ಸಗಣಿ ನೀರು ಹಾಕಿದೆವು, ಫರಕು ಕಾಣಲಿಲ್ಲ. ಬೋರಿನ ನೀರು ಹಾಕುತ್ತೇವೆ.
— ಶಹಾಬಾದ್

ಎಲೆ ಹಳದಿ ಎಂದ ಕೂಡಲೇ ಯೂರಿಯಾ ಚೀಲಕ್ಕೆ ಕೈ ಹಾಕುವುದು ಎಲ್ಲರ ಅಭ್ಯಾಸ. ಯಾವ ಎಲೆ ಹಳದಿ ಎಂಬುದನ್ನು ಮೊದಲು ನೋಡಬೇಕು. ಹಳೆಯ, ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ, ಆಗ ಯೂರಿಯಾ ಸರಿ. ತುದಿಯ ಹೊಸ ಎಲೆ ಹಳದಿಯಾಗಿ ನರಗಳು ಹಸಿರು ಬಲೆಯ ಹಾಗೆ ಉಳಿದರೆ ಕಬ್ಬಿಣದ ಕೊರತೆ. ಹೊಸ ಎಲೆ ಸಣ್ಣದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆ ಬಂದರೆ ಸತುವಿನದು. ನಿಮ್ಮದು ಕಬ್ಬಿಣ.

ಮಣ್ಣಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಪರಸಿ (ನೆಲಹಾಸಿನ) ಕಲ್ಲಿನ ಊರು ನಿಮ್ಮದು, ಆ ಕಲ್ಲೇ ಸುಣ್ಣದ ಕಲ್ಲು. ಮಣ್ಣಲ್ಲೂ ಸುಣ್ಣ, ಬೋರಿನ ನೀರಲ್ಲೂ ಸುಣ್ಣ. ಸುಣ್ಣ ಹೆಚ್ಚಿದ್ದಲ್ಲಿ ಕಬ್ಬಿಣ ಬೇರಿಗೆ ಕರಗಿ ಸಿಗದ ರೂಪಕ್ಕೆ ಹೋಗಿಬಿಡುತ್ತದೆ. ಒಂದು ಚಮಚ ಒಣ ಮಣ್ಣನ್ನು ಬಟ್ಟಲಲ್ಲಿಟ್ಟು ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಸೋಡಾ ಹಾಗೆ ನೊರೆ ಎದ್ದರೆ ಸುಣ್ಣ ಇದೆ ಎಂದೇ ಅರ್ಥ. ಮನೆ ಕಟ್ಟಿದಾಗ ಉಳಿದ ಸಿಮೆಂಟು, ಕಲ್ಲಿನ ಪುಡಿ ಗಿಡದ ಬುಡದಲ್ಲೇ ಹೂತಿದ್ದರೆ ಮೊದಲು ಅಗೆದು ತೆಗೆಸಿ.

ಕೂಡಲೇ ಹಸಿರು ಕಾಣಲು ಎಲೆಗೆ ಸಿಂಪಡಿಸಬೇಕು. 1 ಲೀಟರ್ ಮಳೆ ನೀರು ಅಥವಾ ಫಿಲ್ಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ (ಕಿರಾಣಿ ಅಂಗಡಿಯ ನಿಂಬೆ ಉಪ್ಪು), ಅದು ಕರಗಿದ ಮೇಲೆ 5 ಗ್ರಾಂ ಫೆರಸ್ ಸಲ್ಫೇಟ್ ಹಾಕಿ. ಈ ಕ್ರಮ ತಪ್ಪಬಾರದು: ಹುಳಿ ಇಲ್ಲದ ಬೋರಿನ ನೀರಿಗೆ ಫೆರಸ್ ಸಲ್ಫೇಟ್ ಹಾಕಿದರೆ ಸ್ವಲ್ಪ ಹೊತ್ತಿಗೇ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಅದು ಕೆಲಸಕ್ಕೆ ಬಾರದು. ತಿಳಿ ಹಸಿರು ಬಣ್ಣದಲ್ಲಿರುವಾಗಲೇ, ಸಂಜೆ ಹೊತ್ತು, ಎಳೆ ಎಲೆಗಳ ಎರಡೂ ಬದಿಗೆ ಬೀಳುವಂತೆ ಹೊಡೆಯಿರಿ. 12–15 ದಿನದ ಅಂತರದಲ್ಲಿ ಮೂರು ಸಲ. ಅಂಗಳದ ಪರಸಿ ಮೇಲೆ ಬಿದ್ದರೆ ಕಂದು ಕಲೆ ಉಳಿಯುತ್ತದೆ, ಗೋಣಿ ಹಾಸಿಕೊಳ್ಳಿ.

ಬೇರಿಗೆ ಕೊಡುವುದಾದರೆ ಅಂಗಡಿಯಲ್ಲಿ ‘ಇಡಿಡಿಎಚ್‌ಎ’ ಎಂದು ಬರೆದ ಕಬ್ಬಿಣದ ಪುಡಿಯನ್ನೇ ಕೇಳಿ. ಅಗ್ಗಕ್ಕೆ ಸಿಗುವ ‘ಇಡಿಟಿಎ’ ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ, ದುಡ್ಡು ದಂಡ. ದೊಡ್ಡ ಗಿಡಕ್ಕೆ 20–25 ಗ್ರಾಂ, ಒಂದು ಕೊಡ ನೀರಲ್ಲಿ ಕರಗಿಸಿ, ಕೊಂಬೆ ಹರಡಿದಷ್ಟು ಜಾಗಕ್ಕೆ ಹೊಯ್ಯಿರಿ. ಜೊತೆಗೆ ವರ್ಷಕ್ಕೊಮ್ಮೆ ಮಳೆಗೆ ಮುಂಚೆ 150 ಗ್ರಾಂ ಗಂಧಕದ ಪುಡಿಯನ್ನು ಒಂದು ಬುಟ್ಟಿ ಗೊಬ್ಬರದಲ್ಲಿ ಬೆರೆಸಿ ಕೊಡಿ. ಗಂಧಕ ನಿಧಾನ, ಫಲ ತಿಂಗಳುಗಟ್ಟಲೆ ಆಮೇಲೆ. ನೀರು ಅತಿಯಾದರೂ ಈ ಹಳದಿ ಹೆಚ್ಚುತ್ತದೆ. ಮಾಳಿಗೆಯ ಮಳೆ ನೀರನ್ನು ಡ್ರಮ್ಮಿಗೆ ಹಿಡಿಯುವ ವ್ಯವಸ್ಥೆ ಇದ್ದರೆ ಅದು ನಿಂಬಿಗೇ ಮೀಸಲಿರಲಿ.

ಆನ್‌ಲೈನ್‌ನಲ್ಲಿ ರಂಬುಟಾನ್, ಮ್ಯಾಂಗೋಸ್ಟೀನ್ ಸಸಿ ನೋಡಿದೆ. ತರಿಸಲೇ?
— ಹುಮನಾಬಾದ್

ಬೇಡ. ಎರಡಕ್ಕೂ ವರ್ಷವಿಡೀ ತೇವದ ಗಾಳಿ, ಹುಳಿ ಮಣ್ಣು ಬೇಕು. ಏಪ್ರಿಲ್‌ನ ನಿಮ್ಮ ಒಣ ಗಾಳಿಗೆ ಎಲೆಯಂಚು ಸುಟ್ಟು, ಸಸಿ ಒಂದು ಬೇಸಿಗೆ ದಾಟುವುದೂ ಕಷ್ಟ. ಹೊಸದೇನಾದರೂ ಬೆಳೆಯುವ ಆಸೆ ಇದ್ದರೆ ಅಂಜೂರ ನೆಡಿ, ಬೇಲಿಗೆ ಕವಳಿ ಹಾಕಿ. ಡ್ರ್ಯಾಗನ್ ಹಣ್ಣೂ ಆಗುತ್ತದೆ. ಮಾರ್ಚ್‌ನಿಂದ ಮೇ ತನಕ ಮೇಲೆ ನೆರಳು ಬಲೆ ಕಟ್ಟದಿದ್ದರೆ ಅದರ ದಂಟು ಪಡುವಣ ಬಿಸಿಲಿಗೆ ಬೆಂದು ಹಳದಿಯಾಗುತ್ತದೆ.

ಹಿತ್ತಲಲ್ಲಿ ಹತ್ತು ವರ್ಷದ ಪೇರಲ ಗಿಡ ಇದೆ. ಆಗಸ್ಟ್‌ನಲ್ಲಿ ಗಿಡ ತುಂಬ ಹಣ್ಣು, ಆದರೆ ಕೊಯ್ದರೆ ಒಳಗೆ ಬಿಳಿ ಹುಳ. ಚಳಿಗಾಲದಲ್ಲಿ ಬರುವ ನಾಲ್ಕು ಹಣ್ಣು ಮಾತ್ರ ಚೆನ್ನಾಗಿರುತ್ತವೆ. ಔಷಧಿ ಹೊಡೆಯಲು ಮನಸ್ಸಿಲ್ಲ, ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುತ್ತಾರೆ.
— ಬೀದರ್

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಚಳಿಗಾಲದ ನಾಲ್ಕು ಹಣ್ಣನ್ನು ನಾನೂರು ಮಾಡಿಕೊಳ್ಳಿ, ಮಳೆಗಾಲದ್ದನ್ನು ಬಿಟ್ಟುಬಿಡಿ.

ಪೇರಲ ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡ. ನೀರು ಸಿಕ್ಕಾಗಲೆಲ್ಲ ಚಿಗುರುತ್ತದೆ, ಚಿಗುರಿದಾಗಲೆಲ್ಲ ಹೂ. ಮಾವು ಹೂ ಬಿಡುವ ಫೆಬ್ರುವರಿ–ಮಾರ್ಚ್‌ನಲ್ಲಿ ಬಂದ ಹೂ ಮಳೆಗಾಲದಲ್ಲಿ ಹಣ್ಣಾಗುತ್ತದೆ, ಅದನ್ನು ತೋಟದವರು ಅಂಬೆ ಬಹಾರ ಎನ್ನುತ್ತಾರೆ. ಮಿರಗದ ಮಳೆಗೆ ಬಂದ ಹೂ ನವೆಂಬರ್‌ನಿಂದ ಜನವರಿಗೆ ಹಣ್ಣು, ಅದು ಮಿರಗ ಬಹಾರ. ಹಣ್ಣಿನ ನೊಣ ಮಳೆಗಾಲದ ಶೆಕೆಯಲ್ಲಿ ಮೇರೆ ಮೀರಿ ಹೆಚ್ಚುತ್ತದೆ, ಚಳಿಗೆ ಕುಗ್ಗುತ್ತದೆ. ಸಿಹಿಯೂ ಚಳಿಗಾಲದ ಹಣ್ಣಿಗೇ ಹೆಚ್ಚು.

ಗಿಡವನ್ನು ಮಿರಗ ಬಹಾರಕ್ಕೆ ತಿರುಗಿಸಲು ಫೆಬ್ರುವರಿಯಿಂದ ಮೇ ನಡುವಿನ ತನಕ ನೀರು ನಿಲ್ಲಿಸಬೇಕು. ಬೀದರಿನ ಕೆಂಪು ಮಣ್ಣು ಬೇಗ ಒಣಗುತ್ತದೆ, ಹಾಗಾಗಿ ಗಿಡ ಬೇಗ ವಿಶ್ರಾಂತಿಗೆ ಹೋಗುತ್ತದೆ, ಅರ್ಧದಷ್ಟು ಎಲೆ ಉದುರುತ್ತದೆ. ಹೆದರಬೇಡಿ, ಹತ್ತು ವರ್ಷದ ಗಿಡ ಸಾಯುವುದಿಲ್ಲ. (ಮೂರು ವರ್ಷದೊಳಗಿನ ಗಿಡಕ್ಕೆ ಇದನ್ನು ಮಾಡಬೇಡಿ.) ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಪೇರಲ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಬಹಳಷ್ಟು ಮನೆಗಳಲ್ಲಿ ಪೇರಲ ಇರುವುದೂ ಅಲ್ಲೇ! ಅಂಥವರು ಮಾರ್ಚ್, ಏಪ್ರಿಲ್‌ನಲ್ಲಿ ಹೂ, ಹೀಚುಗಳನ್ನು ಕೈಯಿಂದಲೇ ಉದುರಿಸಬೇಕು. ಮೊದಲ ವರ್ಷ ಜೀವ ಒಪ್ಪುವುದಿಲ್ಲ, ಡಿಸೆಂಬರ್‌ನಲ್ಲಿ ಹಣ್ಣು ತಿಂದ ಮೇಲೆ ಒಪ್ಪುತ್ತದೆ.

ಮೇ ಕೊನೆಗೆ ಪ್ರತಿ ಕೊಂಬೆಯ ತುದಿಯನ್ನು ಒಂದು ಗೇಣು ಕತ್ತರಿಸಿ. ಬುಡದ ಸುತ್ತ 3 ಇಂಚು ಆಳ ಮಣ್ಣು ಕೆದಕಿ, 20–25 ಕಿಲೋ ಕಳಿತ ಗೊಬ್ಬರ ಹಾಕಿ, ಮಳೆ ತಡವಾದರೆ ಒಂದು ಸಲ ಚೆನ್ನಾಗಿ ನೀರು ಕೊಡಿ. ಕೆದಕುವುದರಲ್ಲಿ ಇನ್ನೊಂದು ಲಾಭವಿದೆ. ಹಣ್ಣಿನೊಳಗಿನ ಹುಳ ಬೆಳೆದ ಮೇಲೆ ನೆಲಕ್ಕೆ ಬಿದ್ದು, ಮೇಲಿನ ಎರಡು–ಮೂರು ಇಂಚು ಮಣ್ಣಲ್ಲಿ ಅಕ್ಕಿಕಾಳಿನಷ್ಟು ಕಂದು ಕೋಶವಾಗಿ ಕೂರುತ್ತದೆ. ಅಗೆದಾಗ ಬಿಸಿಲಿಗೆ, ಕೋಳಿಗೆ, ಗೊರವಂಕಕ್ಕೆ ಸಿಕ್ಕು ಸಾಯುತ್ತದೆ.

ಉದುರಿದ ಹಣ್ಣನ್ನು ದಿನಾ ಆರಿಸಲೇಬೇಕು. ಅದನ್ನು ಗೊಬ್ಬರದ ಗುಂಡಿಗೆ ಎಸೆದರೆ ನೊಣ ಸಾಕಿದ ಹಾಗೆ. ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ವಾರ ಬಿಸಿಲಲ್ಲಿಡಿ, ಇಲ್ಲವೇ 2 ಅಡಿ ಆಳಕ್ಕೆ ಹೂಳಿ. ಮೀಥೈಲ್ ಯೂಜಿನಾಲ್ ಬಲೆ ಕೃಷಿ ಅಂಗಡಿಗಳಲ್ಲಿ ಸಿಗುತ್ತದೆ. ಗಿಡದ ನೆರಳಲ್ಲಿ ಆಳೆತ್ತರಕ್ಕೆ ಒಂದು ಕಟ್ಟಿ, ಒಳಗಿನ ಬಿಲ್ಲೆಯನ್ನು ಒಂದೂವರೆ–ಎರಡು ತಿಂಗಳಿಗೊಮ್ಮೆ ಬದಲಿಸಿ. ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ, ಹಣ್ಣಿಗೆ ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು. ಆದ್ದರಿಂದ ಬಲೆ ತುಂಬ ನೊಣ ಕಂಡು ಗೆದ್ದೆವೆಂದುಕೊಳ್ಳಬೇಡಿ. ಓಣಿಯ ನಾಲ್ಕು ಮನೆಯವರು ಸೇರಿ ಕಟ್ಟಿದರೆ ಗುಣ ಕಾಣುತ್ತದೆ. ಖಾತ್ರಿ ಬೇಕಾದರೆ ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಕಾಗದದ ಚೀಲ ತೊಡಿಸಿ, ತೊಟ್ಟಿಗೆ ದಾರ ಕಟ್ಟಿ. ನೊಣ ಚುಚ್ಚುವುದು ಕಾಯಿ ಬಣ್ಣ ತಿರುಗುವ ಹೊತ್ತಿಗೆ, ಅಷ್ಟರಲ್ಲಿ ಚೀಲ ಇರಬೇಕು.

ತಿಂದ ಪಪ್ಪಾಯಿ ಹಣ್ಣಿನ ಬೀಜ ಹಾಕಿ 4 ಗಿಡ ಬೆಳೆಸಿದ್ದೇವೆ. ಆಳೆತ್ತರ ಬಂದಿವೆ. ಎರಡರಲ್ಲಿ ಹೂ ಬರೀ ಜೋತಾಡುತ್ತವೆ, ಇನ್ನೊಂದರಲ್ಲಿ ಏಪ್ರಿಲ್‌ನಿಂದ ಹೂ ಉದುರುತ್ತಿದೆ. ಕಾಂಡಕ್ಕೆ ಮೊಳೆ ಹೊಡೆಯಿರಿ ಎನ್ನುತ್ತಾರೆ.
— ಶಹಾಪುರ, ಯಾದಗಿರಿ ಜಿಲ್ಲೆ

ಉದ್ದನೆಯ ದಂಟಿನಲ್ಲಿ ಗೊಂಚಲಾಗಿ ಜೋತಾಡುವವು ಗಂಡು. ಕಾಂಡಕ್ಕೆ ಅಂಟಿಕೊಂಡು, ಬುಡ ಗುಂಡಗೆ ಉಬ್ಬಿದ ಹೂ ಹೆಣ್ಣು. ಬುಡ ನೀಳವಾಗಿ ಕೊಳವೆಯ ಹಾಗಿದ್ದರೆ ದ್ವಿಲಿಂಗಿ. ಮೊಳೆ ಹೊಡೆದರೆ ಗಂಡು ಹೆಣ್ಣಾಗುವುದಿಲ್ಲ, ಗಾಯದಿಂದ ಕೊಳೆ ಹೊಕ್ಕು ಕಾಂಡ ಮೆತ್ತಗಾಗುತ್ತದೆ. ಎರಡು ಗಂಡುಗಳಲ್ಲಿ ಒಂದನ್ನು ಕಡಿಯಿರಿ. ಹತ್ತು ಹೆಣ್ಣು ಗಿಡಕ್ಕೆ ಒಂದು ಗಂಡು ಸಾಕಾಗುತ್ತದೆ.

ಹೂ ಉದುರುವ ಮೂರನೆಯದು ದ್ವಿಲಿಂಗಿ ಇರಬೇಕು. ಬಿಸಿಲು 38–40 ಡಿಗ್ರಿ ದಾಟಿದಾಗ ಇಂಥ ಹೂವಿನ ಕಾಯಿಕಟ್ಟುವ ಭಾಗ ಬೆಳೆಯುವುದಿಲ್ಲ, ಹೂ ಗಂಡಿನಂತಾಗಿ ಉದುರುತ್ತದೆ. ಮಳೆ ಬಿದ್ದು ತಂಪಾದ ಮೇಲೆ ಬರುವ ಹೂ ಕಾಯಿಕಟ್ಟುತ್ತದೆ, ಕಾಯಿರಿ. ಮುಂದಿನ ಸಲ ರೆಡ್ ಲೇಡಿ ಸಸಿ ತನ್ನಿ. ಅದರಲ್ಲಿ ಶುದ್ಧ ಗಂಡು ಗಿಡ ಬರುವುದಿಲ್ಲ. ಅದರ ಹಣ್ಣಿನ ಬೀಜ ಮತ್ತೆ ಹಾಕಿದರೆ ತಾಯಿಯಂತೆಯೇ ಬರುತ್ತದೆಂಬ ಭರವಸೆ ಇಲ್ಲ, ಅದು ಹೈಬ್ರಿಡ್.

ಕಾಲುವೆ ನೀರಿನ ಊರಾದ್ದರಿಂದ ಒಂದು ಎಚ್ಚರಿಕೆ: ಪಪ್ಪಾಯಿ ಬುಡದಲ್ಲಿ ಒಂದು ಹಗಲು ನೀರು ನಿಂತರೂ ಕೊಳೆ ಶುರು. ಬುಡಕ್ಕೆ ಮಣ್ಣು ಏರಿಸಿ, ನೀರು ಕಾಂಡಕ್ಕೆ ತಾಗದಂತೆ ಒಂದು ಮೊಳ ದೂರದಲ್ಲಿ ಪಾತಿ ಮಾಡಿ. ಎಲೆ ಮುದುಡಿ, ಹಳದಿ-ಹಸಿರು ಮಚ್ಚೆಯಾಗಿ, ಕಾಯಿ ಮೇಲೆ ಉಂಗುರ ಕಂಡರೆ ಅದು ಗಿಡಹೇನು ಹರಡುವ ವೈರಸ್. ಔಷಧಿ ಇಲ್ಲ, ಕಿತ್ತು ಸುಡಿ.

ಸೀತಾಫಲ ಗಿಡ ತುಂಬ ಹೂ ಬಿಡುತ್ತದೆ, ಕಾಯಿ ಮಾತ್ರ ಐದಾರು. ಗುಡ್ಡದಲ್ಲಿ ಯಾರೂ ನೋಡದ ಸೀತಾಫಲ ಕಾಯಿ ಬಿಡುತ್ತದೆ, ನಮ್ಮ ಮನೆಯದಕ್ಕೇನಾಗಿದೆ?
— ಬಸವಕಲ್ಯಾಣ

ಗುಡ್ಡದ ಗಿಡದಲ್ಲೂ ನೂರು ಹೂವಿಗೆ ಕಾಯಿ ಕೆಲವೇ. ಗಿಡಗಳು ಬಹಳ ಇರುವುದರಿಂದ ನಮಗೆ ತಿಳಿಯುವುದಿಲ್ಲ. ಸೀತಾಫಲದ ಹೂವಿನಲ್ಲಿ ಹೆಣ್ಣು ಭಾಗ ಮೊದಲು ಪಕ್ವವಾಗುತ್ತದೆ, ಗಂಡು ಭಾಗ ಆಮೇಲೆ. ಒಂದೇ ಹೂವಿನ ಪರಾಗ ಅದೇ ಹೂವಿಗೆ ಉಪಯೋಗಕ್ಕೆ ಬರುವುದು ಕಡಿಮೆ. ಎಳ್ಳಿನಷ್ಟು ಸಣ್ಣ ಜೀರುಂಡೆಗಳು ಹೂವಿಂದ ಹೂವಿಗೆ ಒಯ್ಯಬೇಕು. ಗುಡ್ಡದಲ್ಲಿ ಕೊಳೆತ ಎಲೆ, ಹಣ್ಣಿನ ನಡುವೆ ಅವು ಬದುಕುತ್ತವೆ. ಗುಡಿಸಿ ಸ್ವಚ್ಛವಾಗಿಟ್ಟ ಅಂಗಳದಲ್ಲಿ ಅವಕ್ಕೆ ಮನೆಯೆಲ್ಲಿ? ಮೇಲಾಗಿ ಮೇ ತಿಂಗಳ ಒಣ ಗಾಳಿಗೆ ಹೂವಿನೊಳಗಿನ ಅಂಟು ಒಣಗಿ ಪರಾಗ ಅಂಟುವುದಿಲ್ಲ. ಮೇ ಹೂ ಹೋದರೆ ಹೋಗಲಿ, ಜೂನ್ ಎರಡನೆಯ ವಾರದಿಂದ ಜುಲೈ ತನಕದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ.

ಸಂಜೆ 5ರ ಸುಮಾರಿಗೆ, ಮೂರು ಎಸಳೂ ಅಗಲವಾಗಿ ಬಿಚ್ಚಿಕೊಂಡ ಹತ್ತು–ಹದಿನೈದು ಹೂ ಕಿತ್ತು ಕಾಗದದ ಮೇಲೆ ಹರಡಿ ಮನೆಯೊಳಗಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಬೆವರಿ ಮುದ್ದೆಯಾಗುತ್ತವೆ. ಬೆಳಗಾಗುವಷ್ಟರಲ್ಲಿ ಕೇಸರಗಳು ಬಿಳುಪಿನಿಂದ ಬೂದು ಬಣ್ಣಕ್ಕೆ ತಿರುಗಿ ಉದುರುತ್ತವೆ. ಅವನ್ನು ಜರಡಿ ಹಿಡಿದು ಸಣ್ಣ ಬಟ್ಟಲಿಗೆ ಹಾಕಿ. ಬೆಳಗ್ಗೆ 6ರಿಂದ 8ರೊಳಗೆ ಗಿಡದಲ್ಲಿ ಅರ್ಧ ಬಿಚ್ಚಿದ ಹೂ ಹುಡುಕಿ, ಅಂದರೆ ಎಸಳಿನ ತುದಿ ಬಿಟ್ಟುಕೊಂಡಿದೆ, ಬುಡ ಇನ್ನೂ ಕೂಡಿದೆ. ಒಂದು ಕೈಯ ಬೆರಳಿಂದ ಎಸಳು ಸ್ವಲ್ಪ ಅಗಲಿಸಿದರೆ ನಡುವೆ ಹೊಳೆಯುವ ಸಣ್ಣ ಗುಬುಟು ಕಾಣುತ್ತದೆ. ಮಕ್ಕಳು ಚಿತ್ರ ಬರೆಯುವ ಸೊನ್ನೆ ನಂಬರ್ ಕುಂಚಕ್ಕೆ ಪರಾಗ ಹಚ್ಚಿ ಆ ಗುಬುಟಿನ ಸುತ್ತ ಎಲ್ಲ ಕಡೆ ತಿರುಗಿಸಿ. ಒಂದೇ ಬದಿಗೆ ಹಚ್ಚಿದರೆ ಹಣ್ಣು ಸೊಟ್ಟಗಾಗುತ್ತದೆ, ಏಕೆಂದರೆ ಪರಾಗ ಮುಟ್ಟಿದ ಕಣ್ಣಷ್ಟೇ ತುಂಬಿಕೊಳ್ಳುತ್ತದೆ. ದಪ್ಪ ಕೊಂಬೆಯ ಮೇಲಿನ, ಒಳನೆರಳಿನ ಹೂಗಳನ್ನೇ ಆರಿಸಿ. ದಿನಕ್ಕೆ ಹತ್ತರಂತೆ ನಾಲ್ಕು ದಿನ ಮಾಡಿದರೆ ಒಂದು ಮನೆಗೆ ಸಾಕು. ಪರಾಗ ಮುಟ್ಟಿಸಿದ ಹೂ ಯಾವುದೆಂದು ತಿಳಿಯಲು ತೊಟ್ಟಿಗೆ ಬಣ್ಣದ ದಾರ ಕಟ್ಟಿ.

ಆಮೇಲೆ ಬರುವುದು ಬಿಳಿ ಹಿಟ್ಟಿನ ತಿಗಣೆ. ಅದನ್ನು ಹೊತ್ತು ತರುವುದು ಇರುವೆ. ಕಾಂಡಕ್ಕೆ ಗೇಣಗಲದ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಸವರಿ (ಕಾಂಡಕ್ಕೆ ನೇರವಾಗಿ ಬೇಡ), ಕೊಂಬೆ ಗೋಡೆಗೆ ತಾಗದಂತೆ ನೋಡಿ. ಕಪ್ಪಾಗಿ ಕಲ್ಲಿನಂತಾಗಿ ಕೊಂಬೆಯಲ್ಲೇ ಉಳಿದ ಕಾಯಿಗಳನ್ನು ಜನವರಿಯಲ್ಲಿ ಎಲೆ ಉದುರಿದಾಗ ಕಿತ್ತು ಸುಡಿ.

ದಾಳಿಂಬಿ ಹಣ್ಣಾಗುವ ಹೊತ್ತಿಗೆ ಬಿರಿಯುತ್ತದೆ.
— ಆಳಂದ

ಹದಿನೈದು ದಿನ ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ, ಅಥವಾ ಒಣ ನೆಲಕ್ಕೆ ದೊಡ್ಡ ಮಳೆ ಬಿದ್ದರೆ ಒಳಗಿನ ಕಾಳು ಉಬ್ಬುತ್ತವೆ, ಬಿಸಿಲಿಗೆ ಗಟ್ಟಿಯಾದ ಸಿಪ್ಪೆ ಹಿಗ್ಗುವುದಿಲ್ಲ. ಕಾಯಿ ಕಟ್ಟಿದಂದಿನಿಂದ ಕೊಯ್ಯುವ ತನಕ ಸ್ವಲ್ಪ ಸ್ವಲ್ಪವೇ ಆದರೂ ತಪ್ಪದೆ ನೀರು, ಬುಡಕ್ಕೆ ಹೊದಿಕೆ. ಕಾಯಿ ಸಣ್ಣದಿರುವಾಗ ಲೀಟರಿಗೆ 1–2 ಗ್ರಾಂ ಬೋರಿಕ್ ಆಮ್ಲ ಒಂದೆರಡು ಸಲ ಸಿಂಪಡಿಸಿದರೆ ಬೋರಾನ್ ಕೊರತೆಯಿಂದ ಬಿರಿಯುವುದು ತಪ್ಪುತ್ತದೆ. ನೀರು ಏರುಪೇರಾದರೆ ಅದೂ ಕಾಯುವುದಿಲ್ಲ.

ಮನೆ ಮುಂದೆ ಗುಲ್‌ಮೊಹರ್ ಹಾಕಬೇಕೆಂದಿದೆ. ಕಂಪೌಂಡಿಗೂ ಮನೆಗೂ 8 ಅಡಿ ಜಾಗ. ಬೇಡವೆಂದರೆ ಬೇರೆ ಯಾವ ಹೂವಿನ ಗಿಡ? ಹತ್ತು ವರ್ಷದ ಸಂಪಿಗೆಯೊಂದಿದೆ, ಹೂವೇ ಬಿಟ್ಟಿಲ್ಲ.
— ಜೇವರ್ಗಿ ರಸ್ತೆ, ಕಲಬುರಗಿ

ಗುಲ್‌ಮೊಹರ್ ರಸ್ತೆಬದಿಗೆ, ಶಾಲೆಯ ಬಯಲಿಗೆ ಚೆಂದ. ಬೇರು ಮೇಲ್ಮೇಲೆ ಹರಡಿ ಪರಸಿಯನ್ನೇ ಎತ್ತುತ್ತದೆ, ಕೊಂಬೆ ಪೆಡಸು, ಮೇ ತಿಂಗಳ ಗಾಳಿಮಳೆಗೆ ಮುರಿದು ಬೀಳುತ್ತದೆ. ಆಕಾಶಮಲ್ಲಿಗೆಯೂ 8 ಅಡಿಗೆ ಹೇಳಿದ್ದಲ್ಲ. ಎರಿ ಭೂಮಿಯಲ್ಲಿ ಇನ್ನೊಂದು ಮಾತಿದೆ: ಬೇರು ಗೋಡೆ ಒಡೆಯುವುದಕ್ಕಿಂತ ಹೆಚ್ಚಾಗಿ, ದೊಡ್ಡ ಮರ ಬೇಸಿಗೆಯಲ್ಲಿ ಬುನಾದಿಯ ಕೆಳಗಿನ ತೇವ ಹೀರಿ ಎರಿ ಕುಗ್ಗುತ್ತದೆ, ಗೋಡೆಯಲ್ಲಿ ಓರೆ ಬಿರುಕು ಬರುತ್ತದೆ. ಮರ ಎಷ್ಟು ಎತ್ತರ ಬೆಳೆಯುತ್ತದೋ ಕನಿಷ್ಠ ಅಷ್ಟು ದೂರ ಗೋಡೆಯಿಂದ ಇರಬೇಕು ಎಂಬುದು ಎರಿಗೆ ಒಳ್ಳೆಯ ಲೆಕ್ಕ. 30 ಅಡಿಯ ಕಕ್ಕೆ ಮರವೂ ಆ ಲೆಕ್ಕದಲ್ಲಿ ನಿಮಗೆ ದೊಡ್ಡದೇ.

ನಿಮ್ಮ 8 ಅಡಿಗೆ ಕಂಪೌಂಡಿನ ಬದಿ ಹಿಡಿದು ರತ್ನಗಂಧಿ ಹಾಕಿ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ, ಬಿಸಿಲಿಗೆ ಜಗ್ಗದು, ಗುಲ್‌ಮೊಹರಿನ ಬಣ್ಣವೂ ಸಿಗುತ್ತದೆ. ಪಾರಿಜಾತವೂ ಆಗುತ್ತದೆ, ವರ್ಷಕ್ಕೊಮ್ಮೆ ಹೂ ಮುಗಿದ ಮೇಲೆ ಕತ್ತರಿಸಿ ಗಿಡ್ಡಗಿಡಿ. ದೇವಗಣಗಿಲೆಗೆ ದುಡ್ಡೇ ಬೇಡ: ಫೆಬ್ರುವರಿ–ಮಾರ್ಚ್‌ನಲ್ಲಿ ಪರಿಚಯದವರ ಗಿಡದಿಂದ ಒಂದೂವರೆ ಅಡಿ ಕೊಂಬೆ ಕಡಿದು, ಹಾಲು ಆರುವಂತೆ ವಾರ ನೆರಳಲ್ಲಿ ಮಲಗಿಸಿ, ಮುರುಮು ಬೆರೆತ ಮಣ್ಣಲ್ಲಿ 4 ಇಂಚು ಆಳಕ್ಕೆ ನೆಡಿ. ಎಲೆ ಕಾಣುವ ತನಕ ನೀರು ಬಹಳ ಕಮ್ಮಿ. ಕೊಂಬೆಯ ಹಸಿ ಗಾಯವನ್ನೇ ನೆಟ್ಟು ದಿನಾ ನೀರು ಹಾಕಿದವರು ಕೊಳೆತ ಕೊಂಬೆ ಕಿತ್ತದ್ದೇ ಬಂತು. ಮಕ್ಕಳಿರುವ ಮನೆಯಲ್ಲಿ ಕಣಗಿಲೆ ಹಾಕುವಾಗ ಯೋಚಿಸಿ, ಅದರ ಎಲೆ, ಹೂ, ಕಾಯಿ ಎಲ್ಲವೂ ವಿಷ.

ಸಂಪಿಗೆಗೆ ಬೀಜದ ಸಸಿಯಾದರೆ ಏಳೆಂಟು ವರ್ಷ ಬೇಕೇ ಬೇಕು. ಅದಕ್ಕೆ ಸುಣ್ಣದ ಎರಿಯೂ ಆಗದು, ಒಣ ಗಾಳಿಯೂ ಆಗದು, ಹತ್ತು ವರ್ಷವಾದರೂ ಬಿಡದಿರುವುದು ಅಚ್ಚರಿಯಲ್ಲ. ಎಲೆ ಹಳದಿ ಇದ್ದರೆ ಮೇಲೆ ನಿಂಬಿಗೆ ಹೇಳಿದ ಕಬ್ಬಿಣದ ಉಪಚಾರ ಮಾಡಿ ಇನ್ನೆರಡು ವರ್ಷ ನೋಡಿ. ಹೊಸದು ಹಾಕುವುದಾದರೆ ಕಸಿ ಸಸಿ ತನ್ನಿ, ಒಂದೆರಡು ವರ್ಷಕ್ಕೇ ಹೂ. ಮಧ್ಯಾಹ್ನದ ಮೇಲೆ ನೆರಳು ಬೀಳುವ ಮನೆಯ ಮೂಡಣ ಬದಿಯಲ್ಲಿ, ದಿಬ್ಬದ ಮೇಲೆ ನೆಡಿ. ಬೀದರಿನ ಕೆಂಪು ಮಣ್ಣಿನವರಿಗೆ ಈ ಕಷ್ಟ ಅಷ್ಟಿಲ್ಲ.

ಬಾಡಿಗೆ ಮನೆ, ಮಾಳಿಗೆಯಲ್ಲಿ ಡ್ರಮ್ಮಿನಲ್ಲಿ ನಿಂಬಿ, ಅಂಜೂರ ಬೆಳೆಸಬಹುದೇ? ಕಳೆದ ಬೇಸಿಗೆಯಲ್ಲಿ ದಿನಾ ಎರಡು ಹೊತ್ತು ನೀರು ಹಾಕಿದರೂ ಗಿಡ ಬೆಂದುಹೋದವು.
— ಯಾದಗಿರಿ

ಬೆಂದದ್ದು ಎಲೆಯಲ್ಲ, ಬೇರು. ಕಪ್ಪು ಅಥವಾ ನೀಲಿ ಡ್ರಮ್ಮಿನ ಪಡುವಣ ಬದಿ ಮಧ್ಯಾಹ್ನ ಮುಟ್ಟಲಾಗದಷ್ಟು ಕಾಯುತ್ತದೆ, ಆ ಬದಿಗೆ ಅಂಟಿದ ಬೇರು ಉಳಿಯುವುದಿಲ್ಲ. ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರನ್ನು ಮೊದಲು ಬಕೆಟ್ಟಿಗೆ ಬಿಟ್ಟು ಕೈಯಿಟ್ಟು ನೋಡಿ, ಸ್ನಾನಕ್ಕೆ ಕಾಸಿದ ಹಾಗಿರುತ್ತದೆ. ಅದನ್ನೇ ಗಿಡಕ್ಕೆ ಹಾಕಿದ್ದೀರಿ.

200 ಲೀಟರ್ ಡ್ರಮ್ಮನ್ನು ಅಡ್ಡ ಕೊಯ್ದು ಎರಡು ಮಾಡಿ. ಹೊರಗೆ ಬಿಳಿ ಬಣ್ಣ ಬಳಿಯಿರಿ, ತಳದಲ್ಲಿ ಹೆಬ್ಬೆರಳು ಗಾತ್ರದ 6–8 ತೂತು, ಕೆಳಗೆ ಇಟ್ಟಂಗಿ ಇಟ್ಟು ಎರಡು ಇಂಚು ಎತ್ತರಿಸಿ. ಪಡುವಣ ಬದಿಗೆ ಗೋಣಿ ಸುತ್ತಿ ನೆನೆಸುತ್ತಿರಿ, ಇಲ್ಲವೇ ಆ ಬದಿಗೆ ನಿಮಗೆ ಬೇಡದ ಬೇರೆ ಕುಂಡಗಳನ್ನು ಸಾಲಾಗಿಡಿ. ಮಾರ್ಚ್ ನಡುವಿನಿಂದ ಮೊದಲ ಮಳೆ ತನಕ 50 ಪರ್ಸೆಂಟಿನ ನೆರಳು ಬಲೆ. ನೀರು ಬೆಳಗ್ಗೆ 7ರೊಳಗೆ, ತಳದಿಂದ ಬಸಿಯುವ ತನಕ ಒಮ್ಮೆ. ಸಂಜೆ ಬೇಕೆನಿಸಿದರೆ ಮಾಳಿಗೆ ತಣ್ಣಗಾದ ಮೇಲೆ.

ಮಣ್ಣಿಗೆ ಬರೀ ಎರಿ ತುಂಬಬೇಡಿ. ಕೆಂಪು ಮಣ್ಣು 2, ಕಳಿತ ಗೊಬ್ಬರ 1, ತೆಂಗಿನ ನಾರಿನ ಪುಡಿ 1. ಇಷ್ಟಕ್ಕೂ ನೆನೆದ ಮೇಲೆ ಅರ್ಧ ಡ್ರಮ್ಮು 150 ಕಿಲೋ ತೂಗುತ್ತದೆ. ಸ್ಲ್ಯಾಬಿನ ನಡುವೆ ಇಡದೆ ಕೆಳಗೆ ಗೋಡೆ ಅಥವಾ ಬೀಮು ಇರುವ ಅಂಚಿನಲ್ಲಿಡಿ, ಮನೆ ಮಾಲೀಕರಿಗೆ ಮೊದಲೇ ತಿಳಿಸಿ. ಬೋರಿನ ನೀರಿನ ಉಪ್ಪು ಮಣ್ಣಿನ ಮೇಲೆ ಬಿಳಿ ಪದರಾಗಿ ಕೂತಾಗ ಅದನ್ನು ಕೆರೆದು ತೆಗೆಯಿರಿ. ಎರಡು–ಮೂರು ವರ್ಷಕ್ಕೊಮ್ಮೆ, ಅಂಜೂರವಾದರೆ ಡಿಸೆಂಬರ್–ಜನವರಿಯಲ್ಲಿ, ನಿಂಬಿಯಾದರೆ ಮಳೆ ಶುರುವಾದಾಗ, ಗಿಡ ಹೊರಗೆಳೆದು ಸುತ್ತಲಿನ ಬೇರನ್ನು ಎರಡು ಇಂಚು ಕೊಯ್ದು, ಹೊಸ ಮಣ್ಣು ತುಂಬಿ ಮತ್ತೆ ಕೂರಿಸಿ. ಕೊಯ್ದಷ್ಟೇ ಪಾಲು ಮೇಲಿನ ಕೊಂಬೆಯನ್ನೂ ಕತ್ತರಿಸಿ. ಆ ಕೆಲಸಕ್ಕೆ ಇಬ್ಬರು ಬೇಕು, ಮತ್ತು ಹಿಂದಿನ ದಿನ ನೀರು ಹಾಕಿರಬಾರದು.